ಗ್ಯಾಸ್ ಕಟರ್ ತಲುಪುವ ಮೊದಲು

ತಮ್ಮಾ,

ನಿನ್ನೆ ಸಂಜೆ ನೀನು ಓಡೋಡಿ ಬಂದು, ಮೊಬೈಲನ್ನು ನನ್ನ ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದು, "ಕಾಕಾ, ಇದು ಯಾವ ಗಾಡಿ ಐತ್ರಿ?" ಎಂದೆಯಲ್ಲ, ನಾನು ತಕ್ಷಣ ಬಾಯಿ ಬಿಡಲಿಲ್ಲ. ಗೊತ್ತಿಲ್ಲದೆ ಅಲ್ಲ. ಗುಜರಿ ಮಾಲಿನ ಮೋಡಕಾ ಅಂಗಡಿಯ ಹಿಂದೆ, ಜಾಲಿ ಕಂಟಿಯ ನಡುವೆ, ಟಯರಿಲ್ಲದೆ ಕುಸಿದು ಕೂತ ಆ ಹಸಿರು ಮೂತಿ ನೋಡಿ ಗಂಟಲು ಕಟ್ಟಿತ್ತು. ಅದು ಶಕ್ತಿಮಾನ್. ಅಂಥದೊಂದರ ಸ್ಟೇರಿಂಗ್ ಹಿಡಿದೇ ನನ್ನ ಹರೆಯ ಕಳೆಯಿತು.

"ತಗೊಂಡ ಬಿಡ್ಲೇನ್ರಿ?" ಎಂದು ನೀನು ಕೇಳಿದೆ. ನಾಳೆ ಹೇಳ್ತೀನಿ ಅಂದೆ ನಾನು. ರಾತ್ರಿಯೆಲ್ಲ ಯೋಚನೆ ಮಾಡಿ ಇದನ್ನು ಬರೆಯುತ್ತಿದ್ದೇನೆ. ಬಾಯಿಮಾತಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಉಳಿದರ್ಧಕ್ಕೆ ಗಾಡಿ ಹತ್ತಿರ ಓಡುತ್ತೀ.

ಮೊದಲು ಅದರ ಕುಲಗೋತ್ರ ತಿಳಿದುಕೋ. ಜರ್ಮನಿಯ ಎಂಎಎನ್ ಕಂಪನಿಯ ಲೈಸೆನ್ಸ್ ಪಡೆದು ನಮ್ಮ ರಕ್ಷಣಾ ಇಲಾಖೆ ಜಬಲ್ಪುರದಲ್ಲಿ ಕಟ್ಟಿಸಿದ ಟ್ರಕ್ಕಿದು. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದ ಕಾಲದಲ್ಲಿ, 1950ರ ದಶಕದ ಕೊನೆಗೆ, ಜಬಲ್ಪುರದ ಗನ್ ಕ್ಯಾರಿಯೇಜ್ ಫ್ಯಾಕ್ಟರಿಯಲ್ಲಿ ಶುರುವಾಯಿತು. ಫಿರಂಗಿಗೆ ಗಾಲಿ ಮಾಡುತ್ತಿದ್ದ ಕಾರ್ಖಾನೆಗೆ ಟ್ರಕ್ಕು ಮಾಡುವ ಕೆಲಸ ಬಿತ್ತು ನೋಡು. 1969ರಲ್ಲಿ ಅಲ್ಲೇ ವೆಹಿಕಲ್ ಫ್ಯಾಕ್ಟರಿ ಬೇರೆಯಾಗಿ ಎದ್ದಿತು. 1990ರ ದಶಕದವರೆಗೂ ಸೇನೆಯ ಬೆನ್ನೆಲುಬು ಇದೇ. ಆಮೇಲೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾದ ಟ್ರಕ್ಕು ಬಂದವು. ಮೂತಿ ಮುಂದೆ ಚಾಚಿದ ಶಕ್ತಿಮಾನ್ ಸಾಲುಸಾಲಾಗಿ ಕಂಡಮ್ ಆಗುತ್ತ ಹೋಯಿತು. ನಾನು ಸೇನೆಯಲ್ಲಿ ಇದನ್ನು ಓಡಿಸುತ್ತಿದ್ದಾಗ, ದ್ರಾಸ್ ಕಡೆಯ ಚಳಿಗೆ ಬೆಳಗಿನ ಜಾವ ಎಂಜಿನ್ ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತಿತ್ತು. ಚೇಂಬರಿನ ಕೆಳಗೆ ಬೆಂಕಿ ಕಾಯಿಸಿ ಎಬ್ಬಿಸುತ್ತಿದ್ದೆವು. ಒಮ್ಮೆ ಎದ್ದರೆ ಮುಗಿಯಿತು, ಸಂಜೆಯ ತನಕ ದೂರು ಹೇಳದ ಎತ್ತು. ಇದು ಹಳೆ ಡ್ರೈವರನ ಮಮತೆ, ಅರ್ಧ ಕಳೆದೇ ಓದು.

ಈಗ ಮೋಡಕಾಕ್ಕೆ ಹೋಗುವ ಮಾತು. ರೊಕ್ಕ ಕಿಸೆಯಲ್ಲಿಟ್ಟುಕೊಂಡು ಹೋಗಬೇಡ. ಒಂದು ತಂತಿ ಬ್ರಷ್, ಬ್ಯಾಟರಿ ದೀಪ, ಸಣ್ಣ ಸುತ್ತಿಗೆ, ಪೆನ್ಸಿಲ್, ತೆಳು ಕಾಗದ, ಇಷ್ಟು ಸಾಕು. ಮೋಡಕಾದವನಿಗೆ ಗಾಡಿ ಅಂದರೆ ಕಿಲೋ. ಚಾಸಿ ಇಷ್ಟು, ಎಂಜಿನ್ ಬೀಡು ಇಷ್ಟು, ರೇಡಿಯೇಟರಿನ ತಾಮ್ರ ಇಷ್ಟು ಎಂದು ಅವನ ತಲೆಯಲ್ಲಿ ತಕ್ಕಡಿ ತೂಗುತ್ತಿರುತ್ತದೆ. ನಿನ್ನ ಕಣ್ಣಲ್ಲಿ ಹೊಳಪು ಕಂಡ ಕೂಡಲೆ ಅದು ಕಿಲೋ ಲೆಕ್ಕ ಬಿಟ್ಟು "ಮಿಲ್ಟ್ರಿ ಮಾಲು" ಆಗುತ್ತದೆ. ಅಲ್ಲಿ ನಿಂತು ಫೋಟೊ ತೆಗೆದದ್ದೇ ನಿನ್ನ ಮೊದಲ ತಪ್ಪು, ಇರಲಿ. ಆವತ್ತಿನ ಕಬ್ಬಿಣದ ದರ ಕೇಳಿಕೊಂಡು ಹೋಗು. ಕಬ್ಬಿಣದ ಬೆಲೆಗೆ ಅವನ ಲಾಭವನ್ನೂ ಕಟರ್ ಆಳಿನ ಉಳಿದ ಕೂಲಿಯನ್ನೂ ಲೆಕ್ಕ ಹಾಕಿದರೆ ನ್ಯಾಯದ ಮಾತು ಎಲ್ಲಿ ನಿಲ್ಲಬೇಕೆಂದು ನಿನಗೇ ತಿಳಿಯುತ್ತದೆ.

ಮೊದಲು ನಂಬರ್ ಹುಡುಕು. ಸೇನೆಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣ ಇರುತ್ತದೆ, ಅದರ ಪಕ್ಕದ ಎರಡು ಅಂಕಿ ಗಾಡಿ ಸೇನೆಗೆ ಸೇರಿದ ವರ್ಷ. 78 ಎಂದಿದ್ದರೆ 1978. ಪ್ಲೇಟು ಹೋಗಿದ್ದರೂ ಬಂಪರಿನ ಮೇಲೆ ಬಣ್ಣದ ಪದರಗಳ ಕೆಳಗೆ ಆ ಬಾಣ ಮಲಗಿರುವುದುಂಟು. ಆಮೇಲೆ ಚಾಸಿ ನಂಬರ್. ತುಕ್ಕನ್ನು ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಕಾಗದವಿಟ್ಟು ಪೆನ್ಸಿಲ್ ಆಡಿಸಿ ಅಚ್ಚು ತೆಗೆ. ಅದನ್ನು ಉಜ್ಜಿ ಅಳಿಸಿದ, ವೆಲ್ಡಿಂಗ್ ಮಾಡಿ ಮತ್ತೆ ಕೊರೆದ ಗುರುತು ಕಂಡರೆ ಗಾಡಿ ಎಷ್ಟೇ ಚಂದವಿರಲಿ, ಚಹಾ ಕುಡಿದು ಎದ್ದು ಬಾ.

ಕಾಗದದ ವಿಷಯಕ್ಕೆ ಬಂದೆ. ಹುಡುಗರು ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ. ಸೇನೆ ತನ್ನ ಕಂಡಮ್ ಗಾಡಿಗಳನ್ನು ಸಾಮಾನ್ಯವಾಗಿ ಬಿಡಿಯಾಗಿ ಮಾರುವುದಿಲ್ಲ. ಲಾಟ್ ಕಟ್ಟಿ, ಈಗೆಲ್ಲ ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಮೂಲಕ ಆನ್‌ಲೈನ್ ಹರಾಜು ಹಾಕುತ್ತದೆ. ಲಾಟು ಹಿಡಿದ ವ್ಯಾಪಾರಿಯಿಂದ ಇನ್ನೊಬ್ಬನಿಗೆ, ಅವನಿಂದ ಮೋಡಕಾಕ್ಕೆ ಬರುವಷ್ಟರಲ್ಲಿ ಕಾಗದ ಎಲ್ಲೋ ಉದುರಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 47ರಲ್ಲಿ ಮಾಜಿ ಸೇನಾ ವಾಹನಕ್ಕೆಂದೇ ಒಂದು ಸಾಲಿದೆ: ನೋಂದಣಿಗೆ ಸಂಬಂಧಪಟ್ಟ ಅಧಿಕಾರಿ ಕೊಟ್ಟ ಮೂಲ ಮಾರಾಟ ಪತ್ರ ಬೇಕು. ಝೆರಾಕ್ಸ್ ಅಲ್ಲ, ಮೂಲ. ಅದಿಲ್ಲದೆ ಬೈಲಹೊಂಗಲದ ಆರ್‌ಟಿಓ ಕಚೇರಿಯಲ್ಲಿ ನಿಂತು ನೀನು ದೇಶಭಕ್ತಿಯ ಭಾಷಣ ಮಾಡಿದರೂ ಕೆಎ-24 ನಂಬರ್ ಸಿಗುವುದಿಲ್ಲ. ಲಾಟು ಗಾಡಿಯೆಂದು ಮಾರಾಟವಾಗಿತ್ತೋ ಬರೀ ಸ್ಕ್ರ್ಯಾಪ್ ಎಂದೋ, ಅದನ್ನೂ ಓದಿಸು. ಬರೀ ಸ್ಕ್ರ್ಯಾಪ್ ಎಂದಿದ್ದರೆ ನೀನು ಕೊಳ್ಳುತ್ತಿರುವುದು ಅಂಗಳದಲ್ಲಿ ನಿಲ್ಲಿಸುವ ವಸ್ತು. ಹಾಗೆಂದು ತಿಳಿದೇ ಕೊಂಡರೆ ತಪ್ಪೇನಿಲ್ಲ. ರಸ್ತೆಗೆ ಬಾರದ ಗಾಡಿಯೂ ಉಳಿದ ಗಾಡಿಯೇ.

ಹಳೆ ಗಾಡಿ ಅಂದ ಮಾತ್ರಕ್ಕೆ ವಿಂಟೇಜ್ ಆಗುತ್ತದೆ ಎಂದೂ ತಿಳಿಯಬೇಡ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಸ್ವಂತ ಬಳಕೆಯ ಎರಡು ಮತ್ತು ನಾಲ್ಕು ಚಕ್ರದ ವಾಹನ ಮಾತ್ರ ಅದಕ್ಕೆ ಸೇರುತ್ತದೆ. ಚಾಸಿ, ಬಾಡಿ, ಎಂಜಿನ್ ಮೂಲರೂಪ ಬಿಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ಮರು ನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಎಂದು ಬರುತ್ತದೆ. ಅದನ್ನು ದಿನಬಳಕೆಗೂ ಬಾಡಿಗೆಗೂ ಓಡಿಸುವಂತಿಲ್ಲ. ಭಾರತ ಹುಣ್ಣಿಮೆಗೆ ಓಣಿಯ ಜನರನ್ನೆಲ್ಲ ಹೇರಿಕೊಂಡು ಯಲ್ಲಮ್ಮನ ಗುಡ್ಡ ಹತ್ತಿಸುವ ಆಸೆ ನಿನ್ನ ಮುಖದಲ್ಲೇ ಕಂಡಿತು, ಅದನ್ನು ಈಗಲೇ ಬಿಡು. ನೀನು ನೋಡಿದ ಶಕ್ತಿಮಾನ್ 1980ರ ದಶಕದ್ದಾದರೆ ವಿಂಟೇಜ್ ಬಾಗಿಲು ಇನ್ನೂ ಮುಚ್ಚಿದೆ. ಹಳೆಯದಾದರೂ ಟ್ರಕ್ಕು ಆ ಪಟ್ಟಿಗೆ ಬೀಳುತ್ತದೋ ಇಲ್ಲವೋ ಎಂದು ರೊಕ್ಕ ಕೊಡುವ ಮೊದಲೇ ಕಚೇರಿಯಲ್ಲಿ ಕೇಳಿ ಬಾ. ಬಾಣದ ಪಕ್ಕದ ಎರಡು ಅಂಕಿ ಎಷ್ಟು ಬೆಲೆಯದೆಂದು ಈಗ ತಿಳಿಯಿತೇ?

ಇನ್ನೊಂದು ನಗೆಯ ವಿಷಯ. ಸೇನೆಯ ಗಾಡಿ ಉಳಿಸಿದವನು ಮೊದಲು ಹುಡುಕುವುದು ಆ ಆಲಿವ್ ಹಸಿರು ಬಣ್ಣದ ಡಬ್ಬಿ. ನಿಯಮ 121ರಂತೆ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರಾವ ವಾಹನಕ್ಕೂ ಆ ಬಣ್ಣ ಬಳಿಯುವಂತಿಲ್ಲ. ಹಾಗಾಗಿ ರಸ್ತೆಗಿಳಿಸುವುದಾದರೆ ಬೇರೆ ಬಣ್ಣ. ಅಂಗಳದಲ್ಲೇ ಇಡುವುದಾದರೆ ಇದ್ದ ಬಣ್ಣವನ್ನು ಮುಟ್ಟಲೇಬೇಡ.

ಶಕ್ತಿಮಾನ್ ಒಂದೇ ಅಲ್ಲ, ಹುಡುಕುತ್ತ ಹೋದರೆ ಬೇರೆಯವೂ ಎದುರಾಗುತ್ತವೆ. ಜೊಂಗಾ ಕಂಡೀತು. ಜಪಾನಿನ ನಿಸ್ಸಾನ್ ಪ್ಯಾಟ್ರೋಲ್ ಎಂಬ ಗಾಡಿಯೇ ಅದು. ಜಬಲ್ಪುರದ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಜೊಂಗಾ ಎಂದರು. ಜಪಾನಿನಲ್ಲಿ ಆ ಮಾದರಿ 1980ಕ್ಕೆ ನಿಂತಿತು, ನಾವು 1999ರವರೆಗೂ ಮಾಡಿದೆವು. 3,956 ಸಿಸಿಯ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಸವದತ್ತಿಗೆ ಹೋಗಿ ಬರುವಷ್ಟರಲ್ಲಿ ಟಾಂಕಿ ಮುಳ್ಳು ಕೆಳಗೆ ಬೀಳುತ್ತದೆ. ಅದಕ್ಕೇ ಹಲವರು ಎಂಜಿನ್ ಕಿತ್ತು ಯಾವುದೋ ಡೀಸೆಲ್ ಕೂಡಿಸಿದ್ದಾರೆ. ಕ್ರಿಕೆಟಿನ ಧೋನಿ 2019ರಲ್ಲಿ ಒಂದು ಜೊಂಗಾ ತೆಗೆದುಕೊಂಡ ಸುದ್ದಿ ಬಂದಮೇಲೆ ನಿನ್ನ ವಯಸ್ಸಿನವರ ಕಣ್ಣೆಲ್ಲ ಅತ್ತ ತಿರುಗಿತು. ಅದರ ದೊಡ್ಡಣ್ಣ ನಿಸ್ಸಾನ್ ಒನ್ ಟನ್ ಮಾತ್ರ ಕೇಳುವವರಿಲ್ಲದೆ ತುಂಡಾಗುತ್ತಿದೆ. ನನ್ನನ್ನು ಕೇಳಿದರೆ ಅದನ್ನು ಹುಡುಕು ಎನ್ನುತ್ತೇನೆ.

ಜೀಪಿನಲ್ಲಿ ಮೋಸ ಜಾಸ್ತಿ. ಎರಡನೆಯ ಮಹಾಯುದ್ಧದಲ್ಲಿ ವಿಲೀಸ್ ಮತ್ತು ಫೋರ್ಡ್ ಕೂಡಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು, ಮಹೀಂದ್ರ 1947ರ ಸುಮಾರಿಗೆ ಇಲ್ಲಿ ಜೋಡಿಸಲು ಶುರು ಮಾಡಿತು. ಮಹೀಂದ್ರದ ಎತ್ತರ ಬಾನೆಟ್ಟಿನ ಜೀಪಿಗೆ ಹಸಿರು ಬಳಿದು "ಬರ್ಮಾ ಯುದ್ಧದ್ದು" ಎಂದು ಮಾರುವವರಿದ್ದಾರೆ. ಆ ಬಾನೆಟ್ ಎತ್ತರವಾದದ್ದೇ ಯುದ್ಧದ ನಂತರದ ಎಂಜಿನ್ ಮೇಲಕ್ಕೆ ಬೆಳೆದದ್ದರಿಂದ. ಮುಖದ ಸೀಳು ಎಣಿಸು: ಯುದ್ಧಕಾಲದ ಒತ್ತು ತಗಡಿನ ಮುಖಕ್ಕೆ ಒಂಬತ್ತು, ಆಮೇಲಿನವಕ್ಕೆ ಏಳು. ಬಗ್ಗಿ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡು: ವಿಲೀಸ್‌ಗೆ ದುಂಡು ಪೈಪು, ಫೋರ್ಡ್‌ಗೆ ಮಡಿಸಿದ ಚೌಕ ಪಟ್ಟಿ. ಫೋರ್ಡಿನವನು ಜಿಪುಣನೋ ಜಂಬಗಾರನೋ, ಬೋಲ್ಟಿನ ತಲೆಯ ಮೇಲೂ ತನ್ನ ಎಫ್ ಅಕ್ಷರ ಒತ್ತಿದ್ದಾನೆ.

ನಾನು ಕಳೆದುಕೊಂಡ ಗಾಡಿಯ ಕಥೆ ನಿನಗೆ ಹೇಳಿಲ್ಲ. ಸೇನೆ ಬಿಟ್ಟು ಬಂದ ಎರಡು ಮೂರು ವರ್ಷಕ್ಕೆ, ಬೆಳಗಾವಿಗೆ ಹೋದಾಗ ಊರ ಹೊರಗಿನ ಒಂದು ಮೋಡಕಾದಲ್ಲಿ ವಿಚಿತ್ರ ಮೂತಿಯ ಲಾರಿ ಕಂಡಿತು. ಮುಂದಿನ ಗಾಜು ಎಲ್ಲ ಲಾರಿಗಳಂತೆ ಹಿಂದಕ್ಕೆ ವಾಲದೆ, ಮೇಲ್ಭಾಗ ಮುಂದಕ್ಕೆ ಚಾಚಿ ಹುಬ್ಬು ಗಂಟಿಕ್ಕಿದ ಹಾಗಿತ್ತು. ಕೆನಡಾ ದೇಶದಲ್ಲಿ ಫೋರ್ಡ್ ಮತ್ತು ಷೆವರ್ಲೆ ಬ್ರಿಟಿಷ್ ಸೈನ್ಯಗಳಿಗಾಗಿ ಒಂದೇ ಮಾದರಿಯಲ್ಲಿ ಮಾಡಿದ ಲಾರಿ ಅದು. ಯುದ್ಧದ ವರ್ಷಗಳಲ್ಲಿ ಅಂಥವನ್ನು ಲಕ್ಷಗಟ್ಟಲೆ ಮಾಡಿದರು. ಬಿಸಿಲು ಗಾಜಿಗೆ ಬಡಿದು ಆಕಾಶದ ವಿಮಾನಕ್ಕೆ ಹೊಳೆಯಬಾರದು ಎಂದೇ ಆ ಗಾಜನ್ನು ಮುಂದಕ್ಕೆ ಬಗ್ಗಿಸಿದ್ದು. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಮಾಲಾಗಿ ಮಾರಾಟವಾದ ಇಂಥ ಲಾರಿಗಳು ಮಲೆನಾಡಿನಲ್ಲಿ ಮರದ ದಿಮ್ಮಿ ಎಳೆದವು, ಬಯಲುಸೀಮೆಯಲ್ಲಿ ಬಡಿಗರು ಕಟ್ಟಿದ ಮರದ ಬಾಡಿ ಹೊತ್ತು ಬಸ್ಸಾದವು. ನಾನು ಕಂಡದ್ದರ ಬೆನ್ನ ಮೇಲೂ ಮರದ ಹಲಗೆಗಳಿದ್ದವು. ಹತ್ತಿಯ ಎಳೆ ಇನ್ನೂ ಸಂದಿಯಲ್ಲಿ ಸಿಕ್ಕಿತ್ತು.

ಜೋಳದ ಸುಗ್ಗಿ ಆಗಲಿ, ರೊಕ್ಕ ತರುತ್ತೇನೆ ಎಂದು ಹೇಳಿ ಬಂದೆ. ಮುಂಗಡ ಕೊಡಲಿಲ್ಲ. ಐದು ನೂರು ಕೊಟ್ಟು ಒಂದು ಚೀಟಿ ಬರೆಸಿಕೊಂಡಿದ್ದರೆ ಸಾಕಿತ್ತು. ಸುಗ್ಗಿ ಮುಗಿಸಿ ಹೋದಾಗ ಅಲ್ಲಿ ನಾಲ್ಕು ಗುಂಪೆಗಳಿದ್ದವು: ಬೀಡು, ಉಕ್ಕು, ತಗಡು, ಕಟ್ಟಿಗೆ. ಕಟರ್ ಹುಡುಗ ಊಟಕ್ಕೆ ಕೂತಿದ್ದ. ತಗಡಿನ ಗುಂಪೆ ಕೆದರಿ ಡ್ಯಾಶ್‌ಬೋರ್ಡಿನ ಸಣ್ಣ ಫಲಕವೊಂದನ್ನು ಎತ್ತಿಕೊಂಡೆ. ಜನರಲ್ ಮೋಟಾರ್ಸ್, ಓಶಾವಾ, ಒಂಟಾರಿಯೊ ಎಂದು ಅದರ ಮೇಲಿದೆ. ಅವನು ದುಡ್ಡು ತಗೊಳ್ಳಲಿಲ್ಲ. ನಿಮ್ಮ ಕಾಕೂ ಅದನ್ನು ಎರಡು ಸಲ ಹಳೆ ಸಾಮಾನಿನವನಿಗೆ ಹಾಕಲು ಹೋಗಿದ್ದಾಳೆ. ಈಗ ನನ್ನ ಟ್ರಂಕಿನಲ್ಲಿ ಪಿಂಚಣಿ ಪುಸ್ತಕದ ಕೆಳಗಿದೆ.

ಆ ಮೋಡಕಾದವನ ಮೇಲೆ ನನಗೆ ಸಿಟ್ಟಿಲ್ಲ. ಬೆಳಗಾವಿ ಫೌಂಡ್ರಿಗಳ ಊರು, ಅಲ್ಲಿ ಹಳೆ ಬೀಡಿಗೆ ಯಾವಾಗಲೂ ಹಸಿವು. ಆದರೆ ಇದೇ ಮಾತನ್ನು ತಿರುಗಿಸಿ ನೋಡು. ನಿನ್ನ ಶಕ್ತಿಮಾನಿನ ಒಡೆದ ವಾಟರ್ ಪಂಪ್ ಬಾಡಿ ಜಬಲ್ಪುರದಲ್ಲಿ ಸಿಗದಿರಬಹುದು. ಅದನ್ನು ಬೆಳಗಾವಿಯ ಉದ್ಯಮಬಾಗಿಗೆ ಒಯ್ದರೆ ಕಟ್ಟಿಗೆಯಲ್ಲಿ ಪ್ಯಾಟರ್ನ್ ಮಾಡಿ, ಮಣ್ಣಿನಲ್ಲಿ ಅಚ್ಚೊತ್ತಿ, ಬೀಡು ಸುರಿದು, ಲೇಥಿಗೆ ಹಚ್ಚಿ ಕೊಡುವ ಮಂದಿ ಅಲ್ಲಿದ್ದಾರೆ. ಮುಂಬಯಿಯವರು ಹುಡುಕಿಕೊಂಡು ಬರುವ ಕೈಗಳು ನಿನಗೆ ಅರ್ಧ ದಿನದ ದಾರಿಯಲ್ಲಿವೆ. ಒಡೆದ ತುಂಡನ್ನು ಬಿಸಾಡದೆ ಜೋಪಾನ ಮಾಡು, ಪ್ಯಾಟರ್ನ್ ಮಾಡುವವನಿಗೆ ಅದೇ ನಕ್ಷೆ.

ಗಾಡಿ ಮನೆಗೆ ಬಂತು ಅನ್ನು. ಮೊದಲ ದಿನವೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಚಾಲೂ ಮಾಡುವ ಹುಚ್ಚು ಬೇಡ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ಅಂಟಿರುತ್ತದೆ, ಎಳೆದರೆ ರಾಡ್ ಬಾಗುತ್ತದೆ. ನಾಜಲ್ ಬಿಚ್ಚಿ, ಸಿಲಿಂಡರಿಗೆ ಡೀಸೆಲ್ಲೂ ಎಣ್ಣೆಯೂ ಬೆರೆಸಿ ಹಾಕಿ, ಒಂದು ವಾರ ಬಿಡು. ಆಮೇಲೆ ಕೈಯಿಂದ ಮೆಲ್ಲಗೆ ತಿರುವಿ ನೋಡು. ಎಣ್ಣೆ ಅಳೆಯುವ ಕಡ್ಡಿಗೆ ಹಾಲು ಹಾಕಿದ ಚಹಾದಂಥದು ಹತ್ತಿದರೆ ಒಳಗೆ ನೀರು ಹೊಕ್ಕಿದೆ. ಸೇನಾ ಗಾಡಿಯಲ್ಲಿ 24 ವೋಲ್ಟ್ ಇರುವುದುಂಟು, ಯುದ್ಧಕಾಲದ ಜೀಪಿನಲ್ಲಿ ಬರೀ ಆರು. ನೋಡದೆ ಬ್ಯಾಟರಿ ಕೂಡಿಸಬೇಡ. ಮುಂದಿನ ಡಿಫರೆನ್ಷಿಯಲ್ ಒಳಗೆ ಹಲ್ಲುಗಳಿವೆಯೋ ಬರೀ ಚಿಪ್ಪಿದೆಯೋ ನೋಡು. ಇವೆಲ್ಲ ನಿಧಾನಕ್ಕೆ ಕಲಿತೀಯ.

ಎರಡು ಮಾತ್ರ ಕಲಿಯುವಾಗ ತಪ್ಪುವಂತಿಲ್ಲ. ಹಳೆ ಮಿಲಿಟರಿ ಡಿಸ್ಕುಗಳಲ್ಲಿ ಎರಡು ಹೋಳು ಕೂಡಿಸಿ ಬೋಲ್ಟ್ ಹಾಕಿದವು ಇರುತ್ತವೆ. ಗಾಳಿ ಇರುವಾಗ ಆ ಬೋಲ್ಟಿಗೆ ಪಾನಾ ಹಚ್ಚಿದರೆ ಹೋಳು ಸಿಡಿದು ಎದೆಗೆ ಬಡಿಯುತ್ತದೆ. ಮೊದಲು ವಾಲ್ವ್ ಕಿತ್ತು ಗಾಳಿ ಪೂರ್ತಿ ಬಿಡು. ಎರಡನೆಯದು, ಖಾಲಿ ಟಾಂಕಿ. ಒಣಗಿದೆ ಎಂದು ನೀನು ತಿಳಿದ ಟಾಂಕಿಯಲ್ಲಿ ಆವಿ ಕೂತಿರುತ್ತದೆ. ವೆಲ್ಡಿಂಗ್ ಕಿಡಿ ತಾಗಿದರೆ ಬಾಂಬಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಗಾಡಿಯಿಂದ ಇಳಿಸಿ, ತೊಳೆಸಿ, ಬಲ್ಲ ಕೈಗೆ ಕೊಡು. ಬ್ರೇಕ್ ಡ್ರಮ್ಮಿನ ಧೂಳನ್ನೂ ಗಾಳಿ ಹೊಡೆದು ಹಾರಿಸಬೇಡ, ಹಳೆ ಲೈನರಿನಲ್ಲಿ ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸು.

ಎಲ್ಲಿ ನಿಲ್ಲಿಸುತ್ತೀ ಎಂದು ಯೋಚಿಸಿದ್ದೀಯಾ? ಹೊಳೆಕಡೆಯ ಹಿತ್ತಲು ಎಂದರೆ ನಾನು ಒಪ್ಪುವುದಿಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ಎಲ್ಲಿತನಕ ಬಂದಿತ್ತೆಂದು ನಿನಗೇ ನೆನಪಿದೆ. ಹೊಲದಲ್ಲಿ ಅಂದರೆ ಅಲ್ಲಿ ಎರಿ ಭೂಮಿ. ಮಳೆಗಾಲದಲ್ಲಿ ಉಬ್ಬಿ ಗಾಡಿಯನ್ನು ನುಂಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಚಾಸಿಯನ್ನು ಓರೆ ಮಾಡುತ್ತದೆ, ತೇವ ಕೆಳಗಿನಿಂದಲೇ ತಿನ್ನುತ್ತದೆ. ನಿಮ್ಮ ಕಣದ ಬದಿಯ ಎತ್ತರದ ಜಾಗದಲ್ಲಿ ನಾಲ್ಕು ಗಾಲಿಗೂ ಕಲ್ಲುಚಪ್ಪಡಿ ಹಾಕಿ, ಮೇಲೆ ಪತ್ರಾಸ್ ಹೊದಿಸು. ತಾಡಪತ್ರಿ ಬಿಗಿದು ಸುತ್ತಬೇಡ, ಒಳಗೆ ಬೆವೆತು ತುಕ್ಕು ದುಪ್ಪಟ್ಟಾಗುತ್ತದೆ. ಶೆಡ್ಡು ಮುಗಿಯದೆ ಗಾಡಿ ತರಬೇಡ. ಮೋಡಕಾದಿಂದ ತಂದು ಮನೆ ಹಿಂದೆ ಕೊಳೆಸಿದರೆ ಅದಕ್ಕೆ ಜಾಗ ಬದಲಾಯಿತು ಅಷ್ಟೆ. ಗಾಡಿ ಒಂದೇ ಸಾಕು. ಎರಡನೆಯದು ಬೇಕೆನಿಸಿದಾಗ ನನ್ನ ಹತ್ತಿರ ಬಾ, ಬೈದು ಕಳಿಸುತ್ತೇನೆ.

ಇನ್ನು ನನ್ನ ಮನಸ್ಸಿನ ಮಾತು. ಈ ಗಾಡಿಗಳನ್ನು ಉಳಿಸಿದೆವು ಎನ್ನುವವರು ಮಾಡುವುದನ್ನು ನೋಡಿದ್ದೇನೆ: ಕನ್ನಡಿಯಂತೆ ಬಣ್ಣ, ಅಗಲ ಟಯರು, ಆರು ಲೈಟು, ಬಾನೆಟ್ಟಿನ ಮೇಲೆ ಹುಲಿಯ ಸ್ಟಿಕ್ಕರು. ಗ್ಯಾಸ್ ಕಟರ್ ಒಂದೇ ದಿನ ಮಾಡುವುದನ್ನು ಇವರು ಆರು ತಿಂಗಳು ಕೂತು ಮಾಡುತ್ತಾರೆ. ಡ್ರೈವರ್ ಕಾಲಿಟ್ಟು ಸವೆದ ಫುಟ್‌ಬೋರ್ಡ್, ಯಾವುದೋ ವರ್ಕ್‌ಶಾಪಿನವನು ಒರಟಾಗಿ ಬೆಸೆದ ಪಟ್ಟಿ, ಬಾಗಿಲೊಳಗೆ ಮೊಳೆಯಿಂದ ಗೀಚಿದ ಯಾರದೋ ಊರಿನ ಹೆಸರು, ಇವು ಹೋದರೆ ಉಳಿಯುವುದು ಎರಡು ಟನ್ ಹೊಸ ತಗಡು. ಚಾಸಿಗೆ ತುಕ್ಕು ತಡೆಯುವ ಎಣ್ಣೆ ಹಚ್ಚು, ಮುರಿದದ್ದನ್ನು ಕೂಡಿಸು, ಸವೆದದ್ದನ್ನು ಹಾಗೇ ಬಿಡು. ಬಿಚ್ಚುವ ಮುಂಚೆ ಪ್ರತಿಯೊಂದರ ಫೋಟೊ ತೆಗೆ; ಆ ಮೊಬೈಲಿಗೂ ಒಂದು ಕೆಲಸವಾಗಲಿ.

ಕಾರುಗಳಿಗೆ ದಿಕ್ಕಿದೆ. ಧರ್ಮಸ್ಥಳದ ಹೆಗ್ಗಡೆಯವರ ಹಳೆ ಕಾರುಗಳಿಗೆ ಶ್ರೀರಂಗಪಟ್ಟಣದ ಬಳಿ ಪಯಣ ಎಂಬ ದೊಡ್ಡ ಮ್ಯೂಸಿಯಮ್ಮೇ ಆಗಿದೆ. ಟ್ಯಾಂಕುಗಳಿಗೂ ಈಗ ಅಹಿಲ್ಯಾನಗರವಾದ ಅಹಮದ್‌ನಗರದಲ್ಲಿ 1994ರಿಂದ ಒಂದು ಮನೆಯಿದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಮ್ಯೂಸಿಯಂ ಆಗಿ ಅಂಗಳದಲ್ಲಿ ಟ್ಯಾಂಕು ನಿಂತಿದೆ. ಆ ಟ್ಯಾಂಕಿಗೆ ಡೀಸೆಲ್ಲು, ಸಿಪಾಯಿಗೆ ಹಿಟ್ಟು, ಅಡುಗೆಯವನಿಗೆ ಈರುಳ್ಳಿ ಹೊತ್ತು ಹೋದ ಟ್ರಕ್ಕನ್ನು ನಿಲ್ಲಿಸಿ ನೋಡುವವರು ಕಡಿಮೆ. ಕಾರಿಗಿಂತ ಜಾಗ ಹೆಚ್ಚು ತಿನ್ನುತ್ತದೆ, ನೋಡಲೂ ಚಂದವಿಲ್ಲ. ಹರಾಜಿನ ಲಾಟಿನಲ್ಲಿ ಮಾತ್ರ ಎಲ್ಲಕ್ಕಿಂತ ಮುಂದೆ.

ನಮ್ಮ ಬೆಳಗಾವಿ 1922ರಿಂದ ಮರಾಠಾ ರೆಜಿಮೆಂಟಿನ ಕೇಂದ್ರ. ಸುತ್ತಲಿನ ಹಳ್ಳಿಗಳಲ್ಲಿ ಮಿಲ್ಟ್ರಿಗೆ ಹೋಗಿ ಬಂದ ಮುದುಕರು ಓಣಿಗೊಬ್ಬರಾದರೂ ಸಿಗುತ್ತಾರೆ. ಗಾಡಿ ನಿಲ್ಲಿಸಿದ ಮೇಲೆ ಅವರನ್ನು ಕರೆದು ಡ್ರೈವರ್ ಸೀಟಿನ ಮೇಲೆ ಕೂಡ್ರಿಸು. ಕುರ್ಚಿಯ ಮೇಲೆ ಕೂತಾಗ ಹೇಳದ್ದನ್ನು ಅಲ್ಲಿ ಹೇಳುತ್ತಾರೆ. ಕೈ ತಾನಾಗಿ ಗೇರಿಗೆ ಹೋಗುತ್ತದೆ, ಆಗ ಯಾವ ಘಾಟಿನಲ್ಲಿ ಯಾವ ಗೇರು ಎಂಬುದು ನೆನಪಾಗುತ್ತದೆ, ಪಕ್ಕದಲ್ಲಿ ಕೂತಿದ್ದ ಗೆಳೆಯನ ಹೆಸರೂ. ಬರೆದುಕೊಳ್ಳಲು ಒಂದು ವಹಿ ಇಟ್ಟಿರು.

ಇಷ್ಟೆಲ್ಲ ಓದಿದ ಮೇಲೂ ಆಸೆ ಆರಿಲ್ಲವಾದರೆ ನಾಡಿದ್ದು ಬೆಳಿಗ್ಗೆ ಏಳಕ್ಕೆ ಬಾ, ಕೂಡಿ ಹೋಗೋಣ. ಹಳೆ ಅಂಗಿ ಹಾಕಿಕೊಂಡು ಬಾ, ಕೈಗಡಿಯಾರ ಮನೆಯಲ್ಲಿಡು. ಅಲ್ಲಿ ಮಾತು ನಾನು ಆಡುತ್ತೇನೆ. ನೀನು ಕೆಳಗೆ ಹೊಕ್ಕು ಚಾಸಿ ನಂಬರ್ ಉಜ್ಜು. ಮತ್ತೆ, ಐದು ನೂರರ ಒಂದು ನೋಟು ಮಡಚಿ ನನ್ನ ಕೈಗೆ ಮೊದಲೇ ಕೊಟ್ಟಿರು. ಸೈ ಅನಿಸಿದರೆ ಚೀಟಿ ಬರೆಸದೆ ಈ ಸಲ ನಾನು ಅಲ್ಲಿಂದ ಕದಲುವುದಿಲ್ಲ.